ಬೈಪಾಸ್ ಆಚೆಯ ಊರು

ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಊರುಗಳು ಸಿಗುವುದಿಲ್ಲ, ಎಕ್ಸಿಟ್‌ಗಳು ಸಿಗುತ್ತವೆ. ಪ್ರತಿ ಎಕ್ಸಿಟ್‌ಗೂ ಒಂದು ನಂಬರು. ಪಕ್ಕದಲ್ಲೊಂದು ನೀಲಿ ಬೋರ್ಡು. ಯಾವ ಪೆಟ್ರೋಲ್ ಬಂಕ್ ಇದೆ, ಯಾವ ಬರ್ಗರ್ ಇದೆ, ಮಲಗೋಕೆ ಯಾವ ಹೋಟೆಲ್ ಇದೆ ಅಂತ ಅದರಲ್ಲಿ ಚಿತ್ರ ಹಾಕಿರುತ್ತಾರೆ. ಇಳಿದರೆ ಅವು ಸಿಗುತ್ತವೆ, ಇನ್ನೇನೂ ಸಿಗುವುದಿಲ್ಲ. ಮಿಸೌರಿಯಲ್ಲಿ ಇಳಿದರೂ ಅಷ್ಟೇ, ಒಕ್ಲಹೋಮಾದಲ್ಲಿ ಇಳಿದರೂ ಅಷ್ಟೇ. ಬಾತ್‌ರೂಮಿನ ಸೋಪಿನ ವಾಸನೆ ಕೂಡ ಒಂದೇ.

ಕೆಲಸ ಬದಲಾಗಿ ಚಿಕಾಗೋದಿಂದ ಲಾಸ್ ಏಂಜಲಿಸ್ ಕಡೆಗೆ ಮನೆ ಸಾಗಿಸುವಾಗ ಸಾಮಾನು ಲಾರಿಯಲ್ಲಿ ಹೋಯಿತು, ನಾವು ಕಾರಿನಲ್ಲಿ ಹೊರಟೆವು. ನಾನು, ಹೆಂಡತಿ, ಮತ್ತು ಮಂಡ್ಯದಿಂದ ನಮ್ಮನ್ನು ನೋಡಲು ಬಂದಿದ್ದ ಅಮ್ಮ. ಅಮ್ಮನ ಲೆಕ್ಕದಲ್ಲಿ ಪ್ರಯಾಣ ಎಂದರೆ ಹೊರಟ ಜಾಗ, ಮುಟ್ಟುವ ಜಾಗ, ನಡುವೆ ಒಂದು ಕಾಫಿ. ದಾರಿಯನ್ನೇ ನೋಡೋಕೆ ಅಂತ ದುಡ್ಡು ಖರ್ಚು ಮಾಡಿಕೊಂಡು ಹೋಗುವುದು ಅವಳಿಗೆ ಹೊಸದು. ನ್ಯೂ ಮೆಕ್ಸಿಕೋ ಮುಗಿಯುವ ಹೊತ್ತಿಗೆ ಅವಳಿಗೆ ಸಾಕಾಗಿತ್ತು. "ನಾವೇನು ಮುಂದೆ ಹೋಗ್ತಾ ಇದೀವೋ, ಅದೇ ಜಾಗಕ್ಕೆ ಸುತ್ತು ಹಾಕ್ತಾ ಇದೀವೋ?" ಅಂತ ಹಿಂದಿನ ಸೀಟಿನಿಂದ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಅರಿಜೋನಾದ ಫ್ಲಾಗ್‌ಸ್ಟಾಫ್ ದಾಟಿ, ವಿಲಿಯಮ್ಸ್ ದಾಟಿ, ಆಶ್ ಫೋರ್ಕ್ ದಾಟಿದ ಮೇಲೆ ಎಕ್ಸಿಟ್ 139 ಬರುತ್ತದೆ. ಕ್ರೂಕ್‌ಟನ್ ರೋಡ್ ಅಂತ ಹೆಸರು. ಅಲ್ಲಿ ಇಳಿಯೋಣ ಅಂದವಳು ಹೆಂಡತಿ. ಅದು ಹಳೆಯ ರೂಟ್ 66, ಮುಂದೆ ಸೆಲಿಗ್ಮನ್ ಎಂಬ ಊರಿಗೆ ಹೋಗುತ್ತದೆ ಅಂತ ಫೋನಿನಲ್ಲಿ ನೋಡಿ ಹೇಳಿದಳು.

ಎರಡೇ ಲೇನಿನ ರಸ್ತೆ. ಇಂಟರ್‌ಸ್ಟೇಟ್ ಗುಡ್ಡ ಕಂಡರೆ ಸೀಳಿಕೊಂಡು ಹೋಗುತ್ತದೆ. ಈ ಹಳೇ ರಸ್ತೆಗೆ ಆ ಅವಸರ ಇಲ್ಲ. ನೆಲ ಎದ್ದ ಕಡೆ ಏಳುತ್ತದೆ, ಇಳಿದ ಕಡೆ ಇಳಿಯುತ್ತದೆ. ಎರಡೂ ಕಡೆ ಒಣ ಹುಲ್ಲು, ಕುಳ್ಳ ಜುನಿಪರ್ ಗಿಡ, ಮುಳ್ಳುತಂತಿ ಬೇಲಿ. ಎದುರಿನಿಂದ ಒಂದು ಗಾಡಿ ಬಂತು, ಓಡಿಸುತ್ತಿದ್ದವನು ಸ್ಟೀರಿಂಗ್ ಮೇಲಿನ ಬೆರಳೆತ್ತಿ ನಮಸ್ಕಾರ ಹೇಳಿ ಹೋದ. ಅಮ್ಮ ನೆಟ್ಟಗೆ ಕೂತಳು. "ಈಗ ನೋಡು, ರೋಡು ರೋಡಿನ ಥರ ಇದೆ," ಅಂದಳು.

ಸೆಲಿಗ್ಮನ್ ಕೆಲವೇ ನೂರು ಜನರ ಊರು. ಒಂದೇ ಮುಖ್ಯ ಬೀದಿ, ಅದರ ಪಕ್ಕಕ್ಕೇ ರೈಲು ಹಳಿ. ಬೀದಿಗೆ ಕಾಲಿಟ್ಟ ಕೂಡಲೇ ಯಾರೋ ಸಿನಿಮಾಗೆ ಸೆಟ್ ಹಾಕಿ ತೆಗೆಯೋದನ್ನ ಮರೆತಿದ್ದಾರೇನೋ ಅನ್ನಿಸುತ್ತದೆ. ಮೋಟೆಲ್‌ಗಳ ಮುಂದೆ ನಿಯಾನ್ ಬೋರ್ಡು. ಒಂದು ಅಂಗಡಿಯ ಮಾಳಿಗೆ ಮೇಲೆ ಬಟ್ಟೆ ಅಂಗಡಿಯ ಬೊಂಬೆಗಳು ಗೌನು, ಕನ್ನಡಕ ಹಾಕಿಕೊಂಡು ಬೀದಿ ನೋಡುತ್ತಾ ನಿಂತಿವೆ. ಒಂದು ಊಟದ ಜಾಗಕ್ಕೆ "ರೋಡ್‌ಕಿಲ್ ಕೆಫೆ" ಅಂತ ಹೆಸರು. ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತಿದ್ದನ್ನೇ ಬೇಯಿಸಿ ಕೊಡುತ್ತೇವೆ ಎಂಬ ತಮಾಷೆ. ಅಮ್ಮನಿಗೆ ಅದರ ಅರ್ಥ ಹೇಳಲಿಲ್ಲ. ಅಲ್ಲಲ್ಲಿ ತುಕ್ಕು ಹಿಡಿದ ಹಳೇ ಕಾರು, ಟ್ರಕ್ಕುಗಳು. ಅವುಗಳ ಮುಂದಿನ ಗಾಜಿಗೆ ದೊಡ್ಡ ದೊಡ್ಡ ಕಣ್ಣು ಅಂಟಿಸಿದ್ದಾರೆ. 2006ರಲ್ಲಿ ಪಿಕ್ಸಾರ್‌ನವರು ಕಾರುಗಳೇ ಪಾತ್ರಗಳಾದ ಕಾರ್ಟೂನ್ ಸಿನಿಮಾ ಮಾಡಿದರಲ್ಲ, ಅದಕ್ಕೆ ಮೊದಲು ಈ ಕಡೆಯ ಊರುಗಳನ್ನೆಲ್ಲ ಸುತ್ತಿ ಹೋಗಿದ್ದರು. ಆಮೇಲೆ ಊರಿನವರು ಸುಮ್ನೆ ಇರ್ತಾರಾ? ಕಣ್ಣು ಅಂಟಿಸಿದರು.

ಈ ಊರು ಹೀಗೆ ಇರೋದಕ್ಕೆ ಕಾರಣ ಒಂದು ತಾರೀಕು. 1978ರ ಸೆಪ್ಟೆಂಬರ್ 22. ಅವತ್ತು ಇಂಟರ್‌ಸ್ಟೇಟ್ 40ರ ಬೈಪಾಸ್ ತೆರೆಯಿತು.

ಅದಕ್ಕೆ ಮೊದಲು ಇಡೀ ಲೋಕ ಈ ಬೀದಿಯಲ್ಲೇ ಹಾದುಹೋಗಬೇಕಿತ್ತು. 1926ರಲ್ಲಿ ಗುರುತಿಸಿದ ರೂಟ್ 66 ಚಿಕಾಗೋದಲ್ಲಿ ಶುರುವಾಗಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವರೆಗೆ ಸುಮಾರು 3,900 ಕಿಲೋಮೀಟರ್ ಓಡುತ್ತಿತ್ತು. 1930ರ ದಶಕದಲ್ಲಿ ಒಕ್ಲಹೋಮಾ ಕಡೆ ಮಳೆ ಹೋಗಿ, ಮಣ್ಣು ಗಾಳಿಗೆ ಹಾರಿ, ಹೊಲ ಬಿಟ್ಟ ರೈತರು ಹಾಸಿಗೆ ಪಾತ್ರೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗಿದ್ದು ಇದೇ ರಸ್ತೆಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರ ಕೈಲಿ ದುಡ್ಡು ಓಡಾಡಿ, ಮಕ್ಕಳುಮರಿ ಕೂರಿಸಿಕೊಂಡು ರಜೆಗೆ ಹೋಗಿದ್ದೂ ಇಲ್ಲೇ. ಅವರಿಗೆಲ್ಲ ಹಸಿವಾಗಬೇಕು, ಟೈರ್ ಪಂಕ್ಚರ್ ಆಗಬೇಕು, ರಾತ್ರಿ ನಿದ್ದೆ ಬರಬೇಕು. ಊರು ನಡೆಯುತ್ತಿದ್ದುದು ಅದರ ಮೇಲೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾನೂನಿಗೆ ಸಹಿ ಹಾಕಿದಾಗ ಈ ಊರಿನ ಭವಿಷ್ಯವೂ ಬರೆದಾಯಿತು. ಬೈಪಾಸ್ ತೆರೆದ ದಿನ ಬೀದಿ ಖಾಲಿಯಾಯಿತು. ಗಾಡಿಗಳು ಕಣ್ಣಳತೆಯಲ್ಲೇ ಓಡುತ್ತಿದ್ದವು, ಒಂದೂ ಇತ್ತ ತಿರುಗುತ್ತಿರಲಿಲ್ಲ. ರೈಲಿನದೂ ಅದೇ ಕತೆ. ಮೊದಲು ಇಲ್ಲಿ ಡ್ರೈವರು, ಗಾರ್ಡು ಎಲ್ಲ ಬದಲಾಗುತ್ತಿದ್ದರು. 1980ರ ದಶಕದಲ್ಲಿ ಅದೂ ನಿಂತಿತು. ಈಗ ಕಂಟೇನರ್ ಮೇಲೆ ಕಂಟೇನರ್ ಹೇರಿಕೊಂಡ ಗೂಡ್ಸ್ ರೈಲು ಹಾರನ್ ಹೊಡೆದು ಸೀದಾ ಹೋಗುತ್ತದೆ. ಅಮ್ಮ ಡಬ್ಬಿ ಎಣಿಸಲು ಶುರು ಮಾಡಿ, ಬಾಲ ಕಾಣುವ ಮೊದಲೇ ಕೈಬಿಟ್ಟಳು.

ಇಂಥ ಊರು ಸಾಯಬೇಕಿತ್ತು. ಸತ್ತವು ಎಷ್ಟೋ ಇವೆ. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋ ಗಡಿಯ ಮೇಲೆ ಗ್ಲೆನ್‌ರಿಯೋ ಅಂತ ಒಂದು ಜಾಗವಿದೆ. ಅದೂ ರೂಟ್ 66ರ ಊರೇ, ಅದಕ್ಕೂ ಇದೇ ಇಂಟರ್‌ಸ್ಟೇಟ್ ಬೈಪಾಸ್ ಆಯಿತು. ಈಗ ಅಲ್ಲಿ ಚಾವಣಿ ಕುಸಿದ ಮೋಟೆಲ್, ಗಾಜಿಲ್ಲದ ಪೆಟ್ರೋಲ್ ಬಂಕ್, ಮೊಣಕಾಲೆತ್ತರದ ಹುಲ್ಲು. ಫೋಟೋಗೆ ಚೆನ್ನಾಗಿದೆ. ಕಾಫಿ ಸಿಗಲ್ಲ.

ಸೆಲಿಗ್ಮನ್ ಉಳಿದಿದ್ದು ಒಬ್ಬ ಕ್ಷೌರಿಕನಿಂದ. ಏಂಜಲ್ ಡೆಲ್ಗಡಿಯೋ ಹುಟ್ಟಿದ್ದು 1927ರಲ್ಲಿ, ಇದೇ ಊರಿನಲ್ಲಿ. ತಂದೆ ತಾಯಿ ಮೆಕ್ಸಿಕೋದಿಂದ ಬಂದವರು. ತಂದೆಯದೂ ಕ್ಷೌರದ ಅಂಗಡಿ, ಮಗನದೂ ಅದೇ. ಬೈಪಾಸ್ ಆಗಿ ಸುಮಾರು ಒಂಬತ್ತು ವರ್ಷ ಕಾದು ನೋಡಿದ ಮೇಲೆ, 1987ರಲ್ಲಿ ಊರಿನ, ಅಕ್ಕಪಕ್ಕದ ಒಂದಷ್ಟು ಜನರನ್ನು ಕೂಡಿಸಿ ಏಂಜಲ್ ಒಂದು ಸಂಘ ಕಟ್ಟಿದರು: ಹಿಸ್ಟಾರಿಕ್ ರೂಟ್ 66 ಅಸೋಸಿಯೇಷನ್ ಆಫ್ ಅರಿಜೋನಾ. ಅಷ್ಟೊತ್ತಿಗೆ ರಸ್ತೆಯ ನಂಬರೇ ಹೋಗಿತ್ತು. 1985ರಲ್ಲಿ ರೂಟ್ 66 ಎಂಬ ಹೆದ್ದಾರಿಯನ್ನು ಸರ್ಕಾರದ ಪಟ್ಟಿಯಿಂದ ತೆಗೆದುಹಾಕಿದ್ದರು. ಇವರು ಕೇಳಿದ್ದು ಹೊಸ ರಸ್ತೆ ಅಲ್ಲ, ಪರಿಹಾರವೂ ಅಲ್ಲ. ಇದನ್ನು ಚಾರಿತ್ರಿಕ ರಸ್ತೆ ಅಂತ ಕರೆದು ಬೋರ್ಡು ಹಾಕಿ ಅಂತ. ಅದೇ ವರ್ಷ ರಾಜ್ಯ ಒಪ್ಪಿತು. ಮರುವರ್ಷ ಹಳೇ ಕಾರುಗಳ ಮೆರವಣಿಗೆ ಮಾಡಿದರು, ಅದು ಈಗಲೂ ವರ್ಷಾವರ್ಷ ನಡೆಯುತ್ತದೆ. ಇದನ್ನು ನೋಡಿ ಉಳಿದ ರಾಜ್ಯಗಳಲ್ಲೂ ಇಂಥದೇ ಸಂಘಗಳು ಎದ್ದವು.

ಯಾಕೆ ಕ್ಷೌರಿಕನೇ? ಊರಲ್ಲಿ ಮೇಷ್ಟ್ರು, ಪಾದ್ರಿ, ವ್ಯಾಪಾರಿ ಎಲ್ಲ ಇದ್ದಿರಬೇಕಲ್ಲ ಅಂತ ನಾನು ಅಂದೆ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಊರೋರೆಲ್ಲ ತಲೆ ಕೊಟ್ಟು ಕೂತ್ಕೊಂಡು ಕಷ್ಟ ಹೇಳ್ಕೊಳ್ಳೋದು ಎಲ್ಲಿ? ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ?" ಅಂದಳು. ಆ ಅಂಗಡಿ ಈಗ ಅರ್ಧ ಮ್ಯೂಸಿಯಂ, ಅರ್ಧ ಉಡುಗೊರೆ ಅಂಗಡಿ. ಕ್ಷೌರದ ಕುರ್ಚಿ ಹಾಗೇ ಇದೆ. ಸುತ್ತ ಗೋಡೆ ತುಂಬ ಲೋಕದ ಎಲ್ಲ ಮೂಲೆಯಿಂದ ಬಂದವರ ವಿಸಿಟಿಂಗ್ ಕಾರ್ಡು ಅಂಟಿಸಿದ್ದಾರೆ. ನಮ್ಮ ಕಡೆಯವರದು ಯಾವುದಾದರೂ ಇದೆಯಾ ಅಂತ ಅಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದಳು. ಬೆಂಗಳೂರಿನ ಸಾಫ್ಟ್‌ವೇರ್‌ನವರು ಇಲ್ಲಿಗೂ ಬಂದಿರಲೇಬೇಕು ಎಂಬುದು ಅವಳ ನಂಬಿಕೆ.

ಏಂಜಲ್ ಅವರ ಅಣ್ಣ ಹುವಾನ್ ಕಟ್ಟಿದ್ದು ಸ್ನೋ ಕ್ಯಾಪ್ ಎಂಬ ತಿಂಡಿ ಅಂಗಡಿ. 1953ರದು. ಹುವಾನ್ ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿ ಬಿಸಾಕಿದ ಹಲಗೆಗಳನ್ನು ತಂದು ಅಂಗಡಿ ಎಬ್ಬಿಸಿದರು. 2004ರಲ್ಲಿ ತೀರಿಕೊಂಡರು, ಮನೆಯವರು ನಡೆಸಿಕೊಂಡು ಬಂದಿದ್ದಾರೆ. ಬರ್ಗರು, ಮಿಲ್ಕ್‌ಶೇಕು, ಬರಿಟೋ ಅಷ್ಟೇ ಸಿಗೋದು. ಆದರೆ ಅಲ್ಲಿ ಮಾರೋದು ಚೇಷ್ಟೆ. ಬಾಗಿಲಿಗೆ ಎಡಕ್ಕೊಂದು ಬಲಕ್ಕೊಂದು ಹಿಡಿ ಇದೆ, ಅದರಲ್ಲಿ ಒಂದು ಸುಳ್ಳು ಹಿಡಿ. ಬಂದವರೆಲ್ಲ ಅದನ್ನೇ ಹಿಡಿದು ಎಳೆಯುತ್ತಾರೆ. "ಕ್ಷಮಿಸಿ, ಅಂಗಡಿ ತೆರೆದಿದೆ" ಅಂತ ಒಂದು ಬೋರ್ಡು. ಮೆನುವಿನಲ್ಲಿ "ಚೀಸ್ ಹಾಕಿದ ಚೀಸ್‌ಬರ್ಗರ್" ಇದೆ, "ಸತ್ತ ಕೋಳಿ" ಇದೆ.

ಸತ್ತ ಕೋಳಿಯ ಬಗ್ಗೆ ಅಮ್ಮನಿಗೆ ಹೇಳಲೇಬೇಕಾಯಿತು, ಯಾಕೆಂದರೆ ಹೆಂಡತಿ ನಗು ತಡೆಯದೆ ಸಿಕ್ಕಿಬಿದ್ದಳು. ನಮ್ಮಮ್ಮ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಕೇಳಿ ಒಂದು ಕ್ಷಣ ಸುಮ್ಮನಿದ್ದು, "ಎಲ್ಲರೂ ತಿನ್ನೋದು ಸತ್ತಿದ್ದನ್ನೇ ಅಲ್ವಾ? ಬೋರ್ಡಲ್ಲಿ ಬರೆಯೋ ಧೈರ್ಯ ಇವರಿಗಿದೆ," ಅಂದಳು. ಕಿಟಕಿಯ ಆಚೆ ಇದ್ದ ಹುಡುಗ ಇದೇನು ಮಾತಾಡುತ್ತಿದ್ದಾರೆ ಅಂತ ನೋಡಿದ. ಆಮೇಲೆ ಹಳದಿ ಬಾಟಲಿ ಎತ್ತಿ, ಸಾಸಿವೆ ಸಾಸ್ ಬೇಕಾ ಅಂತ ಕೇಳಿ, ಅವಳ ಕಡೆಗೇ ಹಿಂಡಿಬಿಟ್ಟ. ಅಮ್ಮ "ಅಯ್ಯಯ್ಯೋ ಸೀರೆ!" ಅಂತ ಕಿರುಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಬಾಟಲಿಯಿಂದ ಬಂದಿದ್ದು ಹಳದಿ ದಾರ. ಗಾಳಿಯಲ್ಲಿ ತೂಗಾಡುತ್ತಿತ್ತು. ಅವಳು ದಾರ ನೋಡಿದಳು, ಸೆರಗು ನೋಡಿದಳು, ಆ ಹುಡುಗನ ಮುಖ ನೋಡಿದಳು. ಸೊಂಟಕ್ಕೆ ಕೈ ಕೊಟ್ಟು ನಗಲು ಶುರು ಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ಕನ್ನಡದಲ್ಲೇ, "ಇವನಿಗೂ ಹಾಕಪ್ಪ," ಅಂದಳು. ಆ ಹುಡುಗನಿಗೆ ಅದು ಅರ್ಥವಾಯಿತು.

ಒಂದೇ ಚೇಷ್ಟೆ, ದಿನಕ್ಕೆ ಎಷ್ಟು ಸಲ ಮಾಡುತ್ತಾರೋ. ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವ ಟೂರಿಸ್ಟ್ ಬಸ್ಸುಗಳೂ ಇಲ್ಲಿ ನಿಲ್ಲುತ್ತವೆ. ಬಸ್ಸು ಬಂದರೆ ಬೀದಿ ತುಂಬುತ್ತದೆ, ಎಲ್ಲರೂ ಕಣ್ಣಿನ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅಯಸ್ಕಾಂತದ ಬಿಲ್ಲೆ ಕೊಳ್ಳುತ್ತಾರೆ, ಹೋಗುತ್ತಾರೆ. ಬೀದಿ ಮತ್ತೆ ಖಾಲಿ. ಹಳೆಯ ಊರು ಅಂದರೆ ಸುಮ್ಮನೆ ಕೂತಿರುತ್ತೆ ಅಂತ ನಾವು ತಿಳಿದಿರುತ್ತೇವೆ. ಇಲ್ಲಿ ನೋಡಿದರೆ ಹಳೆಯದಾಗಿ ಉಳಿಯುವುದು ಬೆಳಗಿನಿಂದ ಸಂಜೆವರೆಗಿನ ದುಡಿಮೆ. ನಿಯಾನ್ ಬೋರ್ಡು ಕೆಟ್ಟರೆ ರಿಪೇರಿ ಮಾಡುವವರು ಸಿಗಬೇಕು. ತುಕ್ಕು ಕೂಡ ಒಂದು ಹದದಲ್ಲೇ ನಿಲ್ಲಬೇಕು. ಜಾಸ್ತಿಯಾದರೆ ಗುಜರಿ, ಕಮ್ಮಿಯಾದರೆ ಹೊಸದು.

ಸೆಲಿಗ್ಮನ್ ಬಿಟ್ಟು ಕಿಂಗ್‌ಮನ್ ಕಡೆಗೆ ಹೋಗುವ ಹಳೇ ರಸ್ತೆ 87 ಮೈಲಿ. ಇಂಟರ್‌ಸ್ಟೇಟ್ ಹಿಡಿದರೆ ಹತ್ತಿರ, ನಾವು ಹಿಡಿಯಲಿಲ್ಲ. ನಡುವೆ ಹುಆಲಪೈ ಬುಡಕಟ್ಟಿನವರ ಪೀಚ್ ಸ್ಪ್ರಿಂಗ್ಸ್ ಬರುತ್ತದೆ, ಆಮೇಲೆ ಹ್ಯಾಕ್‌ಬೆರಿ ಎಂಬಲ್ಲಿ ಹಳೇ ಸಾಮಾನು ತುಂಬಿದ ಒಂದು ಜನರಲ್ ಸ್ಟೋರ್. ದಾರಿ ಬದಿಯಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಕೆಂಪು ಫಲಕಗಳು, ಒಂದರ ನಂತರ ಒಂದು. ಒಂದೊಂದರ ಮೇಲೆ ಎರಡು ಮೂರು ಪದ. ಓದಿಕೊಂಡು ಹೋದರೆ ಎಲ್ಲ ಸೇರಿ ಒಂದು ಚುಟುಕ ಆಗುತ್ತದೆ, ಕೊನೆಯ ಫಲಕದಲ್ಲಿ ಬರ್ಮಾ ಶೇವ್ ಎಂಬ ಶೇವಿಂಗ್ ಕ್ರೀಮಿನ ಹೆಸರು. 1925ರಿಂದ 1963ರವರೆಗೆ ಆ ಕಂಪನಿ ಅಮೆರಿಕದ ರಸ್ತೆಗಳಲ್ಲಿ ಹೀಗೇ ಜಾಹೀರಾತು ಮಾಡುತ್ತಿತ್ತು. ಮಕ್ಕಳು ಕಾರಿನಲ್ಲಿ ಕೂತು ಒಕ್ಕೊರಲಿನಿಂದ ಓದುತ್ತಿದ್ದರಂತೆ. ನಾನೂ ಗಟ್ಟಿಯಾಗಿ ಓದಿದೆ.

ಹೆಂಡತಿಗೆ ಎಲ್ಲವನ್ನೂ ಫೋನಿನಲ್ಲಿ ಹುಡುಕುವ ಚಟ. ಹುಡುಕಿ ಹೇಳಿದಳು: ಆ ಕಾಲದಲ್ಲಿ ಕಂಪನಿಯವರು ಬಹುತೇಕ ಎಲ್ಲ ರಾಜ್ಯಗಳಲ್ಲೂ ಫಲಕ ನೆಟ್ಟಿದ್ದರು, ಬಿಟ್ಟಿದ್ದು ಒಂದು ನಾಲ್ಕು ರಾಜ್ಯ. ಅದರಲ್ಲಿ ಅರಿಜೋನಾ ಒಂದು. ಇಲ್ಲಿ ಗಾಡಿ ಓಡಾಟ ಕಮ್ಮಿ, ಗಿಟ್ಟಲ್ಲ ಅಂತ ಬಿಟ್ಟಿದ್ದರು. ಅಂದರೆ ನಾನು ಭಾವುಕನಾಗಿ ಓದುತ್ತಿದ್ದದ್ದು ಈ ರಸ್ತೆಯಲ್ಲಿ ಯಾವತ್ತೂ ಇಲ್ಲದ ಹಳೇ ಜಾಹೀರಾತನ್ನು. ಕಂಪನಿ ಬಾರದಿದ್ದರೇನಂತೆ, ನೆನಪನ್ನು ನಾವೇ ನೆಡುತ್ತೇವೆ ಅಂತ ನೆಟ್ಟುಬಿಟ್ಟಿದ್ದಾರೆ. ಅಮ್ಮನಿಗೆ ಇದರಲ್ಲಿ ಮೋಸವೇ ಕಾಣಲಿಲ್ಲ. ಚೆನ್ನಾಗಿ ಬರೆದಿದ್ದಾರೆ ತಾನೆ ಅಂದಳು. ನನಗೆ ಮಾತ್ರ ಸ್ವಲ್ಪ ಕಸಿವಿಸಿ ಆಯಿತು.

ಇನ್ನೊಂದು ಕಸಿವಿಸಿಯೂ ಇತ್ತು. ಈ 1950ರ ದಶಕದ ಸವಿನೆನಪು ಯಾರದು? ಆಗ ಕರಿಯರಿಗೆ ಎಷ್ಟೋ ಊರುಗಳಲ್ಲಿ ಮೋಟೆಲಿನ ಕೋಣೆ ಕೊಡುತ್ತಿರಲಿಲ್ಲ, ಊಟವನ್ನೂ ಹಾಕುತ್ತಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಕರಿಯ ಪೋಸ್ಟ್‌ಮ್ಯಾನ್, ತಮ್ಮವರು ಎಲ್ಲಿ ಉಳಿಯಬಹುದು, ಎಲ್ಲಿ ತಿನ್ನಬಹುದು ಅಂತ ಪಟ್ಟಿ ಮಾಡಿ 1936ರಿಂದ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಕಾರು ಹತ್ತುವ ಮೊದಲು ಅದನ್ನು ಇಟ್ಟುಕೊಂಡು ಹೊರಡಬೇಕಿತ್ತು. ನಮ್ಮ ಬಣ್ಣದವರು ಆಗ ಬಂದಿದ್ದರೆ ಯಾವ ಕಿಟಕಿಯಲ್ಲಿ ಸಾಸಿವೆ ಬಾಟಲಿಯ ತಮಾಷೆ ಸಿಗುತ್ತಿತ್ತು, ಯಾವುದರಲ್ಲಿ ಬಾಗಿಲು ಮುಚ್ಚುತ್ತಿತ್ತು, ಹೇಳೋದು ಕಷ್ಟ. ಈಗ ಅಮೆರಿಕದ ಮೋಟೆಲ್‌ಗಳಲ್ಲಿ ಅರ್ಧದಷ್ಟು ಭಾರತೀಯ ಮೂಲದವರ ಕೈಯಲ್ಲಿವೆ, ಅದರಲ್ಲೂ ಗುಜರಾತಿಗಳೇ ಜಾಸ್ತಿ. ಅಪ್ಪಟ ಅಮೆರಿಕನ್ ಅಂತ ಜನ ನೋಡಲು ಬರುವ ಸೆಲಿಗ್ಮನ್ನನ್ನು ಕಟ್ಟಿ ನಿಲ್ಲಿಸಿದ್ದು ಮೆಕ್ಸಿಕೋ ಮೂಲದ ಅಣ್ಣತಮ್ಮಂದಿರು. ಇದು ನನಗೆ ಕಣ್ಣಿನ ಕಾರುಗಳಿಗಿಂತ ಇಷ್ಟವಾಯಿತು.

ಅಮ್ಮ ಅಷ್ಟೊತ್ತಿಗೆ ಬೇರೆಯೇ ಲೆಕ್ಕದಲ್ಲಿದ್ದಳು. "ಇದು ನಮ್ಮ ಮದ್ದೂರಿನ ಕತೆನೇ ಕಣೋ," ಅಂದಳು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು, ಮಂಡ್ಯದಲ್ಲೇ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಮೊದಲು ಮೂರು ತಾಸು ಹಿಡಿಯುತ್ತಿದ್ದ ದಾರಿ ಒಂದೂವರೆ ತಾಸಾಯಿತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳ ಹಟಕ್ಕೆ ಒಂದು ಬೊಂಬೆ, ಮದ್ದೂರಿನಲ್ಲಿ ವಡೆ, ಹೀಗೆ ನಿಂತು ನಿಂತು ಹೋಗುತ್ತಿದ್ದವರು ಈಗ ಒಂದೇ ಉಸಿರಿಗೆ ಮೈಸೂರು ಮುಟ್ಟುತ್ತಾರೆ. ದಾರಿ ಬದಿಯ ಹೋಟೆಲ್‌ನವರು, ಬೊಂಬೆ ಅಂಗಡಿಯವರು ವ್ಯಾಪಾರ ಬಿದ್ದುಹೋಯಿತು ಅಂತ ಗೋಳಾಡಿದ್ದು ಪೇಪರಿನಲ್ಲೆಲ್ಲ ಬಂತು. ಮದ್ದೂರಿನ ವಡೆ ರೈಲಿನ ಪ್ರಯಾಣಿಕರಿಗೆ ಮಾರುತ್ತಾ ಹೆಸರು ಮಾಡಿದ್ದು. ಆಮೇಲೆ ಬಸ್ಸು ಕಾರಿನವರಿಗೂ ಬೇಕಾಯಿತು. ಗಟ್ಟಿ ಅಂಚು, ಒಳಗೆ ಈರುಳ್ಳಿ, ರವೆಯ ಕರುಮುರು. ಎರಡು ದಿನ ಇಟ್ಟರೂ ಕೆಡಲ್ಲ. ಕಾಯುವವರಿಗೆ ಅಂತಲೇ ಮಾಡಿದ ತಿಂಡಿ. ನಿಲ್ಲದೆ ಹೋಗುವವರಿಗೆ ಅದನ್ನು ಹೇಗೆ ಮಾರೋದು?

"ಮದ್ದೂರಲ್ಲೂ ಒಂದು ಹಳೇ ಅಂಬಾಸಿಡರ್ ನಿಲ್ಲಿಸಿ ಕಣ್ಣು ಬರೆದ್ರೆ ಆಯ್ತಪ್ಪ. ಜನ ತಾವೇ ಬರ್ತಾರೆ," ಅಂತ ಅಮ್ಮ ಅಂದಳು. ಹೆಂಡತಿ ಇನ್ನೂ ಮುಂದೆ ಹೋದಳು. ಕಲ್ಲುಬೆಂಚಿನ ಹಳೇ ಹೋಟೆಲ್, ಹಿತ್ತಾಳೆ ಲೋಟದ ಕಾಫಿ, ಪಂಚೆ ಉಟ್ಟ ಮಾಣಿ, ಗೋಡೆ ಮೇಲೆ ಡಾ. ರಾಜ್‌ಕುಮಾರ್ ಪೋಸ್ಟರು. ಇಬ್ಬರೂ ಸೇರಿ ಕಿಂಗ್‌ಮನ್ ಬರುವ ಹೊತ್ತಿಗೆ ಮದ್ದೂರಿನ ಅರ್ಧ ಪೇಟೆಬೀದಿಯನ್ನು ಮ್ಯೂಸಿಯಂ ಮಾಡಿ ಮುಗಿಸಿದ್ದರು.

ನನಗೆ ಅದು ಆಗುವ ಹಾಗೆ ಕಾಣಲಿಲ್ಲ, ಆಗಬೇಕು ಅಂತಲೂ ಅನ್ನಿಸಲಿಲ್ಲ. ಸೆಲಿಗ್ಮನ್ ಹಾದುಹೋಗುವವರನ್ನೇ ನಂಬಿದ ಊರು. ಸುತ್ತ ಮೈಲಿಗಟ್ಟಲೆ ಬರೀ ಹುಲ್ಲು. ಹಾದುಹೋಗುವವರು ಬಿಟ್ಟುಹೋದ ಮೇಲೆ ಅವರಿಗೆ ಉಳಿದ ಬಂಡವಾಳ ನೆನಪೊಂದೇ, ಅದನ್ನೇ ಹಚ್ಚಿ ವ್ಯಾಪಾರ ಮಾಡಿದರು. ಮದ್ದೂರು ಹಾಗಲ್ಲ. ಅದು ತಾಲ್ಲೂಕು ಕೇಂದ್ರ, ಸುತ್ತ ಕಬ್ಬು, ಭತ್ತ, ತೆಂಗು. ಅಲ್ಲಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಹೊರರಾಜ್ಯಗಳಿಗೆ ಹೋಗುತ್ತದೆ. ಹೈವೇ ಹೋಟೆಲ್‌ನವರಿಗೆ ಏಟು ಬಿದ್ದಿದ್ದು ನಿಜ, ಅದು ಸಣ್ಣ ಏಟೂ ಅಲ್ಲ. ಆದರೆ ಕಾರಿಗೆ ಕಣ್ಣು ಅಂಟಿಸಿಕೊಂಡು ಕೂರುವ ಸ್ಥಿತಿ ಊರಿಗೆ ಬಂದಿಲ್ಲ. ಇನ್ನೊಂದು ಏನೆಂದರೆ, ಹಳೇ ರಸ್ತೆ ಅಲ್ಲಿ ಸತ್ತಿಲ್ಲ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅವೆಲ್ಲ ಎಲ್ಲಿಗೆ ಹೋಗಬೇಕು? ಕಬ್ಬಿನ ಗಾಡಿ, ಸ್ಕೂಟರಿನ ಮೇಲೆ ಮೂರು ಜನ, ಮದುವೆ ಟೆಂಪೋ, ಊರೂರಿಗೆ ನಿಲ್ಲುವ ಕೆಂಪು ಬಸ್ಸು, ಎಲ್ಲ ಪಕ್ಕದ ದಾರಿಯಲ್ಲೇ ಧೂಳೆಬ್ಬಿಸಿಕೊಂಡು ಓಡುತ್ತಿವೆ. ಅಲ್ಲಿ ರೆಟ್ರೋ ಮಾಡೋಕೆ ಯಾರಿಗೆ ಪುರುಸೊತ್ತು?

ಇದನ್ನೆಲ್ಲ ನಾನು ಅಮ್ಮನಿಗೆ ವಿವರಿಸಿ ಹೇಳಿದ್ದೆ. ಕೇಳಿಸಿಕೊಂಡಳೋ ಇಲ್ಲವೋ. ಊರಿಗೆ ವಾಪಸ್ ಹೋದ ಮೇಲೆ ಮಂಡ್ಯದಿಂದ ಬೆಂಗಳೂರಿಗೆ ಕಾರು ಮಾಡಿಕೊಂಡು ಹೊರಟಾಗಲೆಲ್ಲ ಡ್ರೈವರಿಗೆ ಮೊದಲೇ ಹೇಳಿಬಿಡುತ್ತಾಳಂತೆ: "ಹಳೇ ರೋಡಲ್ಲೇ ಹೋಗಪ್ಪ. ವಡೆನೂ ತಗೋಬೋದು, ಟೋಲೂ ಉಳಿಯುತ್ತೆ."